ಹೊಲಿಗೆ ಬೀಳದ ಮೊಣಕೈ

ಇಪ್ಪತ್ತಾರು ವರ್ಷ ಕತ್ತರಿ ಹಿಡಿದ ಮೇಲೆ ಆ ಬೀದಿಯ ಸಲೂನಿನವನಿಗೆ ಬಲ ಮೊಣಕೈ ಕೈಕೊಟ್ಟಿತು. ಬಾಚಣಿಗೆ ಎತ್ತಿದರೆ ಚಳಕು, ಚಹಾ ಲೋಟ ಎತ್ತಿದರೂ ಚಳಕು. ಅದುವರೆಗೆ ಕುರ್ಚಿಯಲ್ಲಿ ಕೂತವರ ಮದುವೆ, ಮನೆ, ಮೂಲವ್ಯಾಧಿಗಳಿಗೆಲ್ಲ ಅವನೇ ಬಿಟ್ಟಿ ಸಲಹೆ ಕೊಡುತ್ತಿದ್ದ. ಈಗ ಗಿರಾಕಿಗಳ ಸರದಿ. ಒಬ್ಬ ಬಿಸಿನೀರು ಎಂದ, ಇನ್ನೊಬ್ಬ ಮಂಜುಗಡ್ಡೆ ಎಂದ. ನಿವೃತ್ತ ಮೇಷ್ಟರೊಬ್ಬರು ಎಡಗೈಯಲ್ಲಿ ಕತ್ತರಿಸಲು ಕಲಿಯುವಂತೆ ಹೇಳಿ, ಕಲಿಯುವ ಮೊದಲು ತಮ್ಮ ತಲೆ ಮುಗಿಸಿಬಿಡಲು ಕೇಳಿಕೊಂಡರು.

ಎರಡು ವರ್ಷದಲ್ಲಿ ನೋವು ಅವನಿಗಿಂತ ಹೆಸರುವಾಸಿಯಾಯಿತು. ಮನೆಯಲ್ಲಿ ನೀರಿನ ಕ್ಯಾನು ಎತ್ತಲು ಮೊಣಕೈ ಬಿಡುತ್ತಿರಲಿಲ್ಲ. ಇಸ್ಪೀಟು ಕಲೆಸುವಾಗ ಮಾತ್ರ ಅದು ತೆಪ್ಪಗಿರುತ್ತಿತ್ತು. ಹೆಂಡತಿ ಇದನ್ನು ಗಮನಿಸಿದ್ದಳು.

ಒಂದು ದಿನ ಚಳಕಿಗೆ ಕೈ ಹಾರಿ ಬ್ಯಾಂಕ್ ಮ್ಯಾನೇಜರರ ಮೀಸೆಯ ಎಡಭಾಗ ಹೋಯಿತು. ಸಮಾನತೆಗಾಗಿ ಬಲಭಾಗವನ್ನೂ ತೆಗೆಯಬೇಕಾಯಿತು. ಮರುದಿನವೇ ಹೆಂಡತಿ ಅವನನ್ನು ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರಮ್ಮ ಸ್ಕ್ಯಾನಿಂಗ್ ಪರದೆ ತೋರಿಸಿದರು. "ಸ್ನಾಯು ಮೂಳೆಗೆ ಅಂಟ್ಕೊಳ್ಳೋ ನಾರು ಇಲ್ಲಿ ಸವೆದಿದೆ. ಜಾಗ ಮರಗಟ್ಟಿಸಿ ಸೂಜೀಲಿ ಅಲ್ಲಲ್ಲಿ ಚುಚ್ತೀವಿ. ರಕ್ತ ಓಡಾಡಿ ಅದೇ ಮತ್ತೆ ಕೂಡ್ಕೊಳ್ಳೋಕೆ ಶುರು ಮಾಡುತ್ತೆ."

"ಕೊಯ್ಯೋದು?"

"ಇಲ್ಲ."

"ಹೊಲಿಗೆ?"

"ಅದೂ ಇಲ್ಲ. ಕಾಲು ಗಂಟೆ ಕೆಲಸ. ಊಟಕ್ಕೆ ಮನೇಲಿರ್ತೀರಿ."

ಅವನ ಮುಖ ಬಾಡಿತು. "ಎರಡು ವರ್ಷದ ನೋವು ಡಾಕ್ಟ್ರೇ," ಎಂದ, ತನ್ನ ಮರ್ಯಾದೆಯನ್ನು ನೆನಪಿಸುವವನಂತೆ.

ಎಲ್ಲ ಮುಗಿದಾಗ ಮೊಣಕೈ ಮೇಲೆ ಉಳಿದದ್ದು ಹೆಬ್ಬೆರಳಿನ ಉಗುರಿನಷ್ಟು ಪಟ್ಟಿ. ಮಾರನೇ ದಿನ ಅವನ ಅಕ್ಕ ಬಸ್ಸು ಹಿಡಿದು ನೋಡಲು ಬರುವವಳಿದ್ದಳು.

"ಒಂದು ದೊಡ್ಡ ಬ್ಯಾಂಡೇಜ್ ಸುತ್ತೇ," ಎಂದ ಹೆಂಡತಿಗೆ.

"ನಾನ್ ಸುತ್ತಲ್ಲ."

ಎಡಗೈಯಲ್ಲಿ ತಾನೇ ಭುಜದಿಂದ ಮಣಿಕಟ್ಟಿನವರೆಗೆ ಸುತ್ತಿಕೊಂಡು, ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಕೂತ. ಅಕ್ಕ ಹೊಸ್ತಿಲಲ್ಲೇ ಕಣ್ಣೀರು ಹಾಕಿದಳು. "ಎಷ್ಟು ಹೊಲಿಗೆ ಬಿದ್ವೋ?"

"ಎಣಿಸೋಕೆ ಹೋಗಿಲ್ಲಕ್ಕ."

ಅವಳು ಕೊಟ್ಟ ಹಣ್ಣಿಗೆ ಮರೆತು ಅದೇ ಕೈ ಚಾಚುವಾಗ ಬ್ಯಾಂಡೇಜು ಸಡಿಲಗೊಂಡು ಸುರುಳಿಸುರುಳಿಯಾಗಿ ಹಣ್ಣಿನ ತಟ್ಟೆಗೆ ಬಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಬಗ್ಗಿದಳು.

"ಎಲ್ಲೇ ಗಾಯ?"

"ಹುಡುಕಿ ಅತ್ತಿಗೆ, ಸಿಕ್ಕಿದ್ರೆ ನಂಗೂ ತೋರ್ಸಿ," ಎಂದಳು ಹೆಂಡತಿ.

ಅಕ್ಕ ಹೊರಡುವಾಗ ಅರ್ಧ ಹಣ್ಣು ವಾಪಸ್ ಚೀಲ ಸೇರಿತು.

ಸೂಜಿಯನ್ನು ಅವನು ಹಗುರವಾಗಿ ಕಂಡಿದ್ದ. ಮೊದಲ ವಾರ ಮೊಣಕೈ ಮುಂಚಿಗಿಂತ ಜೋರಾಗಿ ನೊಂದು ಆ ಅವಮಾನದ ಸೇಡು ತೀರಿಸಿಕೊಂಡಿತು. ಡಾಕ್ಟರಮ್ಮ ಹೇಳಿದಂತೆ ಕೆಲವು ವಾರ ಕತ್ತರಿ ಮುಟ್ಟಲಿಲ್ಲ. ದಿನವೂ ಟವೆಲ್ ಹಿಂಡುವ, ಸಣ್ಣ ತೂಕ ಎತ್ತಿ ಇಳಿಸುವ ವ್ಯಾಯಾಮವನ್ನು ಗೊಣಗುತ್ತಲೇ ಮಾಡಿದ. ಚಳಕು ಯಾವಾಗ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ನಾಲ್ಕನೇ ತಿಂಗಳ ಒಂದು ಬೆಳಗ್ಗೆ ಸಾಲಾಗಿ ಆರು ತಲೆ ಮುಗಿಸಿದ ಮೇಲೆ, ಅಷ್ಟು ಹೊತ್ತೂ ಮೊಣಕೈ ನೆನಪಾಗಲಿಲ್ಲವೆಂಬುದು ನೆನಪಾಯಿತು. ಕತ್ತರಿ ಕೆಳಗಿಟ್ಟು ಎರಡು ಸಲ ಕೈ ಮಡಿಸಿ ಚಾಚಿ ನೋಡಿದ. ಸಂತೋಷವೇನೋ ಆಯಿತು.

"ಈಗ ಹೇಗಿದೆ ಕೈ?" ಎಂದು ಏಳನೆಯವನು ಕುರ್ಚಿ ಏರುತ್ತ ಕೇಳಿದ.

"ಕೈ ಪರವಾಗಿಲ್ಲ," ಎಂದವನು ಸ್ವಲ್ಪ ಯೋಚಿಸಿದ. "ಭುಜದಲ್ಲೇ ಏನೋ ಹಿಡ್ಕೊಂಡಂಗಿದೆ."