ಕಾಟಾ ನಿಂತ ಮಧ್ಯಾಹ್ನ

ತೋರಣಗಲ್ಲಿನಾಚೆ ಅದಿರು ಲಾರಿ ತೂಗುವ ಕಾಟಾದ ಕಂಪ್ಯೂಟರ್ ಆ ಮಧ್ಯಾಹ್ನ ಮತ್ತೆ ನಿಂತಿತು. ಗಾಜಿನ ಹೊರಗೆ, ಕೆಂಪು ಧೂಳಿನಲ್ಲಿ, ಲಾರಿಗಳು ಸಾಲಾಗಿ ತೂಕಡಿಸುತ್ತಿದ್ದವು.

"ಈ ಚೆನ್ನಬಸಮ್ಮ ಏನರ ಒತ್ತಿರ್ತಾಳ. ತಿಂಗಳಾಗ ಇದು ನಾಕನೇ ಸಲ. ನಾಳಿಂದ ಬ್ಯಾರೆಯವ್ರನ್ನ ಕುಂದ್ರಸ್ತೀನಿ," ಎಂದ ಸೂಪರ್‌ವೈಸರ್ ತಿಪ್ಪೇಶ್, ಕೀಬೋರ್ಡಿನ ಮುಂದೆ ಕೂತ ಆಪರೇಟರಳತ್ತ ಕೈ ತೋರಿಸಿ. "ಭವ್ಯ ಮೇಡಂ, ಆಫ್ ಮಾಡಿ ಆನ್ ಮಾಡ್ರಿ, ಜಲ್ದಿ."

ಆ ಪ್ರೋಗ್ರಾಂ ನೋಡಿಕೊಳ್ಳುವುದು ಭವ್ಯಳ ಕೆಲಸ. ಹೊಸಪೇಟೆಯಲ್ಲಿ ಬಸ್ ಹತ್ತುವ ಮೊದಲೇ ರೊಟ್ಟಿ ಬಡಿದು, ನಲ್ಲಿ ನೀರು ಹಿಡಿದು, ಅತ್ತೆಯ ಮಾತ್ರೆ ತೆಗೆದಿಟ್ಟು ಒಂದು ಪಾಳಿ ಮುಗಿಸಿರುತ್ತಾಳೆ. ಆ ಪಾಳಿಗೆ ಹಾಜರಿ ಪುಸ್ತಕವಿಲ್ಲ.

"ಆಫ್ ಮಾಡಿದ್ರ ಯಾಕ ನಿಂತೈತಿ ಅಂತ ಗೊತ್ತಾಗಂಗಿಲ್ರಿ. ಎರಡು ನಿಮಿಷ ಕೊಡ್ರಿ."

"ಅಲ್ಲೀತನ ಡ್ರೈವರ್‌ಗಳಿಗೆ ನೀವ ಚಾ ಮಾಡಿ ಕೊಡ್ತೀರೇನು?"

"ಮನ್ಯಾಗ ಮಾಡೇ ಬಂದೀನ್ರಿ. ಇಲ್ಲಿ ನೀವು ಮಾಡ್ರಿ."

ಚೆನ್ನಬಸಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಚೀಟಿ ಪ್ರಿಂಟರಿನ ಕಾಗದ ಮುಗಿಯೂ ಹೊತ್ತಿಗೆ ಇನ್ನೊಂದು ಲಾರಿ ಏರಿದ್ರ ಅಷ್ಟ ಹಿಂಗಾಗತೈತಿ ನೋಡವ್ವ," ಎಂದಳು. ನಾಲ್ಕು ಸಲವೂ ನೋಡಿದ್ದಳು, ಯಾರೂ ಕೇಳಿರಲಿಲ್ಲ.

ಭವ್ಯ ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಬರೆದಳು. ಪ್ರೋಗ್ರಾಮನ್ನು ನಿಲ್ಲಿಸದೆ, ಅದರೊಳಗೆ ಒಟ್ಟಿಗೇ ಬೇರೆ ಬೇರೆ ಕೆಲಸ ಮಾಡುವ ಒಂದೊಂದು ಎಳೆಯನ್ನೂ, ಅಂದರೆ ಥ್ರೆಡ್ಡನ್ನೂ, ಅದು ವಿಚಾರಿಸುತ್ತದೆ: ಎಲ್ಲಿದ್ದೀ, ಯಾವ ದಾರಿಯಿಂದ ಬಂದೆ, ಯಾರಿಗಾಗಿ ಕಾಯುತ್ತೀ? ಉತ್ತರಗಳು ಕಾಲುವೆ ನೀರಿನಂತೆ ಸದ್ದಿಲ್ಲದೆ ಇಳಿದು ಬಂದವು. ಹತ್ತು ಸೆಕೆಂಡ್ ಬಿಟ್ಟು ಮತ್ತೆ ಕೇಳಿದಳು. ಎರಡು ಎಳೆಗಳು ಅಲುಗಿರಲಿಲ್ಲ. ತೂಕ ಬರೆಯುವ ಎಳೆ ದಾಖಲೆಯನ್ನು ಹಿಡಿದುಕೊಂಡು ಪ್ರಿಂಟರಿಗಾಗಿ ಕಾಯುತ್ತಿತ್ತು. ಚೀಟಿಯ ಎಳೆ ಪ್ರಿಂಟರನ್ನು ಹಿಡಿದುಕೊಂಡು ದಾಖಲೆಗಾಗಿ. ಒಂದು ಬಿಡದೆ ಇನ್ನೊಂದು ಬಿಡುವಂತಿರಲಿಲ್ಲ. ಕೀಬೋರ್ಡಿನ ಎಳೆ, ಪಾಪ, ಯಾರಾದರೂ ಏನಾದರೂ ಒತ್ತಲಿ ಎಂದು ಸುಮ್ಮನೆ ಕೂತಿತ್ತು.

ಭವ್ಯ ಅದನ್ನೆಲ್ಲ ಹೆಡ್ ಆಫೀಸಿಗೆ ಕಳಿಸಿದಳು. ಕೆಳಗೆ ಬರೆದಳು: ತಪ್ಪು ಪ್ರೋಗ್ರಾಮಿನದು. ಗುರುತಿಸಿದವರು, ಚೆನ್ನಬಸಮ್ಮ. ಆಮೇಲಷ್ಟೇ ಆಫ್ ಮಾಡಿ ಆನ್ ಮಾಡಿದಳು. ತಿಪ್ಪೇಶ್ ಓದಿ, ಕತ್ತು ಕೆರೆದುಕೊಂಡು, ಹೊರಗೆ ಲಾರಿಗಳ ಕಡೆ ನಡೆದ.

ಸಂಜೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟು. "ನಾಳೆ ಡ್ಯೂಟಿ ನಂದ ಅಂತವ್ವ," ಎಂದಳು ಚೆನ್ನಬಸಮ್ಮ.

ಭವ್ಯಳ ಕಣ್ಣು ಎಳೆಯುತ್ತಿತ್ತು. ಅರೆನಿದ್ದೆಯಲ್ಲಿ ಮಧ್ಯಾಹ್ನದ ಆ ಆಜ್ಞೆ ಮನೆಯ ಮೇಲೂ ಓಡಿತು. ಗಂಡ ವೀರೇಶ್: ಸೋಫಾ, ಚಹಾಕ್ಕೆ ಕಾಯುತ್ತಿದ್ದಾನೆ. ಅತ್ತೆ: ಮಾತ್ರೆಗೆ. ಕುಕ್ಕರ್: ಅಕ್ಕಿಗೆ. ಪ್ರತಿ ಸಾಲಿನ ಕೊನೆಗೂ ಅವಳದೇ ಹೆಸರು.

ಬ್ಯಾಗಿನಲ್ಲಿ ಫೋನ್ ಬಡಿದುಕೊಂಡಿತು. ಮನೆಯದು. ಭವ್ಯ ಕಣ್ಣು ತೆರೆಯಲಿಲ್ಲ.

"ಮಲಕ್ಕೋ," ಎಂದು ಚೆನ್ನಬಸಮ್ಮ ಭುಜ ಒಡ್ಡಿದಳು. "ಹೊಸಪೇಟಿ ಬಂದ್ರ ಎಬ್ಬಿಸ್ತೀನಿ."