ಅಕ್ಕನಿಗೆ ಹೊರನಾಡಮ್ಮ ತೋರಿಸಿದ ಕಾಫಿ ಹೂ

ಹೋದ ವರ್ಷ ಫೆಬ್ರವರಿ ಕೊನೆಗೆ ದಾವಣಗೆರೆಯಿಂದ ಅಕ್ಕನ ಫೋನು ಬಂತು. ಎಡಗಣ್ಣು ಮೊದಲೇ ಹೋಗಿತ್ತು. ಬಲಗಣ್ಣಿನ ನರವೂ ಒಣಗುತ್ತಿದೆ, ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು ಹೇಳಿದ್ದರಂತೆ. ಅವಳು ಅಳಲಿಲ್ಲ. ಕಾಫಿ ಹೂವನ್ನು ಇನ್ನೊಂದು ಸಲ ನೋಡಬೇಕು, ಯಾವತ್ತು ಬರಲಿ ಅಂತ ಕೇಳಿದಳು. ಫೋನಿಟ್ಟ ಮೇಲೆ ಅತ್ತವನು ನಾನು.

ನಾನು ಗೋಣಿಬೀಡಿನ ಹತ್ತಿರದ ಎಸ್ಟೇಟೊಂದರಲ್ಲಿ ರೈಟರು. ಆಳುಗಳ ಹಾಜರಿ ಬರೆಯೋದು, ದಿನಾ ಬೆಳಿಗ್ಗೆ ಗೇಜಿನಲ್ಲಿ ಮಳೆ ಅಳೆಯೋದು ನನ್ನ ಕೆಲಸ. ಅಕ್ಕನೂ ನಾನೂ ಹುಟ್ಟಿ ಬೆಳೆದದ್ದು ಇದೇ ತೋಟದ ಆಳುಗಳ ಲೈನ್ ಮನೆಯಲ್ಲಿ. ಮದುವೆಯಾಗಿ ಬಯಲುಸೀಮೆಗೆ ಹೋದ ಮೇಲೆ ಅವಳು ಬಂದಾಗೆಲ್ಲ ಒಂದೋ ಜಡಿಮಳೆ, ಇಲ್ಲವೇ ಹಣ್ಣು ಕುಯ್ಯೋ ಕಾಲ. ಹೂವಿನ ಹೊತ್ತಿಗೆ ಬರೋದು ಸುಲಭವೂ ಅಲ್ಲ. ಬೇಸಿಗೆಯಲ್ಲಿ ಹೂಮಳೆ ಒಂದು ಇಂಚಾದರೂ ಬೀಳಬೇಕು, ಬಿದ್ದ ಒಂಬತ್ತನೇ ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಎರಡು ಮೂರು ದಿನಕ್ಕೆ ಎಲ್ಲ ಮುಗಿಯುತ್ತದೆ. ಮೊದಲೇ ಟಿಕೆಟ್ ಮಾಡಿಸೋ ಹಾಗಿಲ್ಲ.

ಮಾರ್ಚ್ ಅರ್ಧ ಕಳೆದರೂ ಮೋಡದ ಸುಳಿವಿಲ್ಲ. ಹೊರನಾಡಿನ ಅಮ್ಮನಿಗೆ ಹರಕೆ ಹೊತ್ತೆ. ತಾಯೀ, ಅಕ್ಕನಿಗೆ ಹೂ ತೋರಿಸು, ಅವಳ ಕೈಯಿಂದಲೇ ನಿನಗೆ ಅಕ್ಕಿ ಒಪ್ಪಿಸ್ತೀನಿ ಅಂದೆ. ಒಂದು ಸಂಜೆ ಗುಡುಗಿ ಮಳೆ ಬಂತು. ಗೇಜಿನಲ್ಲಿ ಅರ್ಧ ಇಂಚಿಗಿಂತ ಚೂರು ಜಾಸ್ತಿ. ಸಾಲದು ರೈಟರೇ ಅಂತ ಮೇಸ್ತ್ರಿ ಹೇಳಿದ. ನನಗೆ ಗೊತ್ತಿರಲಿಲ್ಲವೇ? ಆಸೆ ಕೇಳಬೇಕಲ್ಲ. ಒಂಬತ್ತನೇ ದಿನಕ್ಕೆ ಸರಿಯಾಗಿ ಬಾ ಅಂತ ಅಕ್ಕನಿಗೆ ಹೇಳಿಬಿಟ್ಟೆ.

ಬಂದಳು. ಮೊಗ್ಗು ಊದಿಕೊಂಡು ಹಾಗೇ ನಿಂತಿತ್ತು. ಎಲ್ಲೋ ನಾಲ್ಕು ಹೂ, ಅವೂ ಮುರುಟಿದ್ದವು. ಅಕ್ಕ ಗಿಡದ ರೆಕ್ಕೆ, ಅಂದರೆ ಕೊಂಬೆ, ಸವರಿ ನೋಡಿ, ಇರಲಿ ಬಿಡು ಅಂದಳು. ಎರಡು ದಿನಕ್ಕೆ ಅವಳು ಆಸ್ಪತ್ರೆಗೆ ವಾಪಸ್ ಹೋಗಬೇಕಿತ್ತು. ಕಣ್ಣು ಸರಿಯಾಗಿ ಕಾಣದವಳನ್ನು ಅಷ್ಟು ದೂರದಿಂದ ಎಳೆದು ತಂದವನು ನಾನು, ಬೈದದ್ದು ಮಾತ್ರ ದೇವರನ್ನು. ಹೊರನಾಡಿಗೆ ಹೋಗೋದೇ ಬೇಡ ಅಂದೆ. ಅಕ್ಕನೇ ಹಟ ಹಿಡಿದು ಮಾರನೇ ಬೆಳಿಗ್ಗೆ ಹೊರಡಿಸಿದಳು.

ಮೂಡಿಗೆರೆಯಲ್ಲಿ ಬಸ್ ಬದಲಾಯಿಸಿದೆವು. ಕೊಟ್ಟಿಗೆಹಾರ ದಾಟಿ ಕಳಸದ ದಾರಿ ಹಿಡಿದ ಮೇಲೆ ಅಕ್ಕ ಕಿಟಕಿಗೆ ಮುಖ ಕೊಟ್ಟು, ಕಾಫಿ ಹೂವಿನ ವಾಸನೆ ಅಂದಳು. ಯಾರೋ ಮಲ್ಲಿಗೆ ಮುಡಿದಿರಬೇಕು, ಸುಮ್ಮನಿರು ಮಾರಾಯ್ತಿ ಅಂತ ರೇಗಿದೆ. ಬಸ್ಸು ಒಂದು ತಿರುವು ದಾಟಿತು. ಗುಡ್ಡಕ್ಕೆ ಗುಡ್ಡವೇ ಬೆಳ್ಳಗೆ ಹೂ ಬಿಟ್ಟು ನಿಂತಿತ್ತು! ಕಂಡಕ್ಟರಿಗೆ ಕೈಮುಗಿದು ಬಸ್ ನಿಲ್ಲಿಸಿ ಇಳಿದೆವು.

ನಮ್ಮಲ್ಲಿ ಅರ್ಧ ಇಂಚು ಬಿದ್ದ ಸಂಜೆಯೇ ಅಲ್ಲಿ ಒಂದೂವರೆ ಇಂಚು ಸುರಿದಿತ್ತೆಂದು ಆ ತೋಟದ ಗೇಟಿನ ವಾಚ್‌ಮನ್ ಹೇಳಿದರು. ನನ್ನ ಗೇಜು ಬಿಟ್ಟು ಇನ್ನೊಂದು ಕಡೆಯ ಮಳೆ ವಿಚಾರಿಸಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಅವರು ಅಕ್ಕನ ಕೈ ಹಿಡಿದು ಗಿಡದ ಹತ್ತಿರ ಕರೆದುಕೊಂಡು ಹೋದರು. ಅಕ್ಕ ಹೂವಿಗೆ ಕಣ್ಣು ತಾಗೋ ಹಾಗೆ ಬಗ್ಗಿ, ಮುಂದಿನ ಬಸ್ಸು ಬರೋವರೆಗೂ ಒಂದೊಂದೇ ರೆಕ್ಕೆ ನೋಡಿದಳು. ನಾನು ಚರಂಡಿ ದಿಣ್ಣೆ ಮೇಲೆ ಕೂತು, ತಪ್ಪಾಯ್ತು ತಾಯೀ ಅಂತ ಅಳುತ್ತಿದ್ದೆ.

ಹೊರನಾಡಿನಲ್ಲಿ ಅಕ್ಕಿ ಒಪ್ಪಿಸಿ, ಊಟ ಮಾಡಿ ಹೊರಗೆ ಬಂದೆವು. ಅಮ್ಮನ ಹತ್ತಿರ ಕಣ್ಣು ಕೇಳಿಕೊಂಡೆಯಾ ಅಂತ ಅಕ್ಕನನ್ನು ಕೇಳಿದೆ.

"ಮರೆತೇ ಹೋಯ್ತು ಮಾರಾಯ. ಅಮ್ಮನ ಮುಖ ಚೆನ್ನಾಗಿ ಕಾಣ್ತಾ ಇತ್ತು, ನೋಡ್ತಾ ನಿಂತ್ಬಿಟ್ಟೆ" ಅಂದಳು.

ಈಗ ಅವಳಿಗೆ ಬೆಳಕು, ನೆರಳು ಅಷ್ಟೇ ಗೊತ್ತಾಗೋದು. ಫೋನಿನಲ್ಲಿ ನಗುನಗುತ್ತಲೇ ಮಾತಾಡುತ್ತಾಳೆ. ನಾನು ಅಮ್ಮನ ಮುಂದೆ ನಿಂತರೆ ಈಗ ಏನೂ ಕೇಳೋದಿಲ್ಲ. ಅಕ್ಕನ ಪಾಲಿನದನ್ನೂ ಸೇರಿಸಿ ಕಣ್ತುಂಬ ನೋಡಿ ಬರುತ್ತೇನೆ.