ಬಳೆ ತೊಡಿಸಲು ಒಲ್ಲೆನೆಂದ ಶಿವನಂಜಮ್ಮ

ಸುಣ್ಣದಕೇರಿಯ ಶಿವನಂಜಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅಗ್ರಹಾರದ ಮೂವತ್ತು ಮನೆಗಳ ಹೆಂಗಸರ ಕೈ ಅಳತೆ ಆಕೆಗೆ ಬಾಯಿಪಾಠವಾಗಿತ್ತು. ಬಳೆಯ ಗೊಂಚಲುಗಳನ್ನು ಕಟ್ಟಿದ ಮಲಾರವನ್ನು ಹೆಗಲಿಂದ ಇಳಿಸಿ, ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಎದುರಿಗಿದ್ದವರ ಕೈಯನ್ನು ಒಂದು ಸಲ ಹಿಚುಕಿದರೆ ಮುಗಿಯಿತು. ನಮ್ಮಮ್ಮ ಸುಂದರಮ್ಮನದು ಎರಡೂವರೆ, ನನ್ನದು ಎರಡೂಕಾಲು. ತಾನು ಸಣ್ಣಗಾಗಿದ್ದೇನೆ ಎಂದು ಯಾರಾದರೂ ಜಂಬ ಕೊಚ್ಚಿದರೆ ಆಕೆ ನಕ್ಕು, ಕೇಳದೆಯೇ ಒಂದು ಅಳತೆ ದೊಡ್ಡ ಬಳೆ ತೆಗೆಯುತ್ತಿದ್ದಳು. ಅಮ್ಮ ಇದನ್ನು ಅಧಿಕಪ್ರಸಂಗ ಎನ್ನುತ್ತಿದ್ದಳು, ಹಬ್ಬ ಬಂದಾಗ ಮಾತ್ರ ಆಕೆಯೇ ಬೇಕು.

1956ರಲ್ಲಿ ನನ್ನ ಅತ್ತಿಗೆ ಕಮಲ ಚೊಚ್ಚಲ ಬಸುರಿ. ಅವಳಿಗೆ ತಾಯಿ ಇರಲಿಲ್ಲ, ಹಾಗಾಗಿ ಹೆರಿಗೆ ನಮ್ಮ ಮನೆಯಲ್ಲೇ ಎಂದಾಗಿತ್ತು. ಮೊದಲೇ ಮಾತು ಕಡಿಮೆ. ಹೇಳಿಕೊಳ್ಳಲು ತವರೂ ಇಲ್ಲದ ಮೇಲೆ ಆ ಹುಡುಗಿಯ ಬಾಯಿಂದ ಒಂದು ನೋವಿನ ಮಾತೂ ಹೊರಗೆ ಬರುತ್ತಿರಲಿಲ್ಲ. ಏಳನೇ ತಿಂಗಳಲ್ಲಿ ಸೀಮಂತವಾಯಿತು. ಶಿವನಂಜಮ್ಮನೇ ಬಂದು ಎರಡೂ ಕೈ ತುಂಬ ಹಸಿರು ಬಳೆ ತೊಡಿಸಿದಳು.

ಅದಾಗಿ ಎರಡು ವಾರಕ್ಕೆ ಕಮಲಳ ಮುಖ ದುಂಡಗಾಯಿತು, ಪಾದ ಊದಿತು. ಅಮ್ಮನಿಗೆ ಹಿಗ್ಗೋ ಹಿಗ್ಗು. ಸೊಸೆಗೆ ಮೈಕೈ ತುಂಬಿಕೊಂಡಿದೆ, ನಮ್ಮ ಮನೆಯ ಅನ್ನ ಒಗ್ಗಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಬಸುರಿಯ ಬಾಯಿಗೆ ರುಚಿಯಾಗಲೆಂದು ಹುಳಿಯನ್ನ, ಹಪ್ಪಳ, ಬಾಳಕದ ಮೆಣಸಿನಕಾಯಿ ಬಡಿಸಿದ್ದೇ ಬಡಿಸಿದ್ದು. ಕಾಲೇಜಿಗೆ ಹೋಗುತ್ತಿದ್ದ ನಾನಾದರೂ ಬುದ್ಧಿವಂತೆಯೇ? ಅತ್ತಿಗೆಯ ಕೆನ್ನೆ ಹಿಂಡಿ, ಪೂರಿಯ ಹಾಗೆ ಉಬ್ಬಿದ್ದೀಯ ಎಂದು ಗೇಲಿ ಮಾಡಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗೌರಿ ಹಬ್ಬದ ಹಿಂದಿನ ದಿನ ಶಿವನಂಜಮ್ಮ ಬಂದಳು. ಅಮ್ಮ ಮೊದಲು ಸೊಸೆಯನ್ನೇ ಕೂರಿಸಿದಳು. ಕಮಲ ಕೈ ಚಾಚಿದಳು. ಸೀಮಂತದ ಬಳೆಗಳು ಮಣಿಕಟ್ಟಿನಲ್ಲಿ ಅಲುಗಾಡದೆ ಹೂತುಹೋಗಿದ್ದವು, ಸುತ್ತಲೂ ಕೆಂಪು ಗೆರೆ. ಅಮ್ಮ ಒಂದು ಅಳತೆ ದೊಡ್ಡದು ತೆಗೆ ಎಂದಳು. ಶಿವನಂಜಮ್ಮ ತೆಗೆಯಲಿಲ್ಲ. ಕಮಲಳ ಮುಂಗೈ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಬಿಟ್ಟಳು. ಒತ್ತಿದ ಕಡೆ ಗುಳಿ ಬಿದ್ದದ್ದು ಹಾಗೇ ಉಳಿಯಿತು. ತಲೆನೋವು ಇದೆಯೇ, ಕಣ್ಣು ಮಂಜಾಗುತ್ತದೆಯೇ ಎಂದು ಕೇಳಿದಳು. ಕಮಲ ಅತ್ತೆಯ ಕಡೆ ನೋಡಿದಳು. ಮತ್ತೊಮ್ಮೆ ಕೇಳಿದಾಗ, ನಾಲ್ಕು ದಿನದಿಂದ ತಲೆ ಸಿಡಿಯುತ್ತಿದೆ, ಎದ್ದರೆ ಕಣ್ಣ ಮುಂದೆ ಕಿಡಿ ಹಾರಿದಂತಾಗುತ್ತದೆ ಎಂದಳು. ಒಂದೇ ಮನೆಯಲ್ಲಿದ್ದ ನಾವು ಯಾರೂ ಅದನ್ನು ಕೇಳಿರಲಿಲ್ಲ.

ಶಿವನಂಜಮ್ಮ ಮಲಾರ ಕಟ್ಟಿದಳು. ಬಳೆ ತೊಡಿಸುವುದಿಲ್ಲ, ಇರುವುದನ್ನೂ ತೆಗೆಯಬೇಕು, ಇವತ್ತೇ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದಳು. ಅಮ್ಮ ಕೆಂಡವಾದಳು. ಹಬ್ಬದ ಹೊಸ್ತಿಲಲ್ಲಿ, ತುಂಬು ಬಸುರಿಯ ಕೈಯ ಬಳೆ ತೆಗೆಯುವುದೆಂದರೇನು? ಪಕ್ಕದ ಮನೆಯ ದಾಕ್ಷಾಯಣಮ್ಮ ಬೇರೆ ಅಲ್ಲೇ ಕೂತಿದ್ದರು. ಅವರು ಕಿವಿ ಮುಚ್ಚಿಕೊಂಡು ಶಿವ ಶಿವಾ ಎಂದರು. ಇನ್ನು ಈ ಬೀದಿಯಲ್ಲಿ ಕಾಲಿಡಬೇಡ ಎಂದು ಅಮ್ಮ ಬಾಗಿಲು ತೋರಿಸಿದಳು.

ಆಕೆ ಎದ್ದು ಹೋದದ್ದು ಜಗಲಿಯವರೆಗೆ ಮಾತ್ರ. ಅಲ್ಲಿ ಮಲಾರವನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಅರಮನೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ ಅನಂತಪದ್ಮನಾಭ ಊಟಕ್ಕೆ ಬಂದಾಗಲೂ ಅಲ್ಲೇ ಇದ್ದಳು. ಅಣ್ಣ ಏನೆಂದು ಕೇಳಿದ. ಆಕೆ ಉತ್ತರ ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ಅಮ್ಮನಿಗೆ.

"ಇಲವಾಲದಲ್ಲಿ ನನ್ ತಂಗಿ ದೇವಿರಮ್ಮಂಗೂ ಇಂಗೇ ಊದಿತ್ತು ಅಮ್ಮಾವ್ರೇ. ಬಳೆ ಕಚ್ತದೆ ಕಣಕ್ಕ ಅಂದ್ಲು. ಮೈ ತುಂಬ್ಕೊಂಡದೆ ಬುಡು ಅಂತ ನಗಾಡಿ, ದೊಡ್ಡ ಅಳತೆ ಬಳೆ ತೊಡಿಸ್ದೋಳು ನಾನೇ. ನಾಕನೇ ದಿನ ಕೈಕಾಲು ಸೆಟ್ಕೊಂಡು ಹೋಗ್ಬುಟ್ಲು, ಕೂಸೂ ಉಳೀನಿಲ್ಲ. ನಾ ತೊಡಿಸಿದ್ ಬಳೆ ಒಂದೂ ಒಡ್ದಿರ್ನಿಲ್ಲ."

ಅಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಅಣ್ಣ ಎಲೆಯ ಮುಂದೆ ಕೂರದೆ ಜಟಕಾ ತರಲು ಓಡಿದ.

ಅವನು ಬರುವಷ್ಟರಲ್ಲಿ ಶಿವನಂಜಮ್ಮ ಹರಳೆಣ್ಣೆ ಹಚ್ಚಿ, ಸೋಪು ತಿಕ್ಕಿ ನೋಡಿದಳು. ಒಂದು ಬಳೆಯೂ ಜಾರಲಿಲ್ಲ. ಆಮೇಲೆ ಒದ್ದೆ ಬಟ್ಟೆಯ ಚೂರನ್ನು ಬಳೆಯ ಕೆಳಗೆ ತೂರಿಸಿ, ಸಣ್ಣ ಇಕ್ಕಳದಲ್ಲಿ ಒಂದೊಂದನ್ನೇ ಚಿಟಕ್ಕೆಂದು ಒಡೆದಳು. ಇಪ್ಪತ್ತೊಂದು ಬಳೆ, ಕಮಲಳ ಚರ್ಮಕ್ಕೆ ಒಂದು ಗೀರೂ ಬೀಳಲಿಲ್ಲ. ಬಸುರಿಯ ಕೈ ಬರಿದಾಗಬಾರದೆಂದು ಎರಡೂ ಮಣಿಕಟ್ಟಿಗೆ ಅರಿಶಿನದ ದಾರವನ್ನು ಸಡಿಲವಾಗಿ ಕಟ್ಟಿ, ಜಟಕಾ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದೊತ್ತಡ ನೋಡಿದರು, ಮೂತ್ರ ಪರೀಕ್ಷೆ ಮಾಡಿಸಿದರು, ಮರುಮಾತಿಲ್ಲದೆ ಮಂಚ ಕೊಟ್ಟರು. ಬಸುರಿಯರಲ್ಲಿ ಹೀಗೆ ಒತ್ತಡ ಏರುವುದು ಅಪರೂಪವೇನಲ್ಲ, ಊತವನ್ನು ಪುಷ್ಟಿ ಎಂದುಕೊಂಡು ತಡಮಾಡುವುದೇ ಅಪಾಯ, ಇನ್ನೆರಡು ದಿನ ಬಿಟ್ಟಿದ್ದರೆ ಫಿಟ್ಸ್ ಬರುತ್ತಿತ್ತು ಎಂದರು. ಮಂದ ಬೆಳಕಿನ ಕೋಣೆ, ಉಪ್ಪಿಲ್ಲದ ಊಟ, ಮಲಗಿದ್ದಲ್ಲೇ ಹತ್ತೊಂಬತ್ತು ದಿನ. ಇಪ್ಪತ್ತನೇ ದಿನ ಹೆರಿಗೆ ಮಾಡಿಸಿದರು. ಅಂಗೈಯಗಲದ ಹೆಣ್ಣು ಕೂಸು. ಅಮ್ಮ ಅದನ್ನು ಹತ್ತಿಯಲ್ಲಿ ಸುತ್ತಿ ಎದೆಗವಚಿಕೊಂಡು ಬದುಕಿಸಿದಳು. ಗೌರಿಯ ಹೆಸರೇ ಇರಲೆಂದು ಗಿರಿಜಾಂಬಾ ಎಂದು ಕರೆದಳು.

ಇಷ್ಟೆಲ್ಲ ಆದ ಮೇಲೆ ಶಿವನಂಜಮ್ಮನನ್ನು ಬೀದಿಯವರು ತಲೆಯ ಮೇಲೆ ಹೊತ್ತುಕೊಂಡರೆಂದು ತಿಳಿಯಬೇಡಿ. ಬಸುರಿಯ ಬಳೆ ಒಡೆದ ಕೈ ಶುಭಕ್ಕೆ ಆಗಿಬರುವುದಿಲ್ಲ ಎಂದು ದಾಕ್ಷಾಯಣಮ್ಮ ಮನೆಮನೆಗೆ ಸುದ್ದಿ ಮುಟ್ಟಿಸಿದರು. ಒಂದೊಂದೇ ಬಾಗಿಲು ಮುಚ್ಚಿತು. ಆಕೆ ಮಲಾರ ಹೊತ್ತು ಹೂಟಗಳ್ಳಿ, ಇಲವಾಲದ ಕಡೆಗೆ ನಡೆಯತೊಡಗಿದಳು. ಅಮ್ಮ ಆಕೆಯ ಪರ ಒಂದು ಮಾತೂ ಆಡಲಿಲ್ಲ. ನಾನು ಜಗಳ ತೆಗೆದರೆ, ನಾಲ್ಕು ಜನರ ಬಾಯಿ ಮುಚ್ಚಿಸೋಕಾಗುತ್ತಾ ಎಂದು ಒಳಗೆ ಹೋಗುತ್ತಿದ್ದಳು. ಹೆತ್ತ ತಾಯಿಯೇ ಆದರೂ ಹೇಳುತ್ತೇನೆ, ಅದು ಹೇಡಿತನ.

ಮೂರು ವರ್ಷ ಕಳೆದು ನಾನು ಬಸುರಿಯಾಗಿ ತವರಿಗೆ ಬಂದೆ. ಬಳೆ ತೊಡಿಸುವ ಶಾಸ್ತ್ರದ ದಿನ ಬೆಳಗ್ಗೆ ಅಮ್ಮ ಯಾರಿಗೂ ಹೇಳದೆ ಹೊರಟಳು. ಅಗ್ರಹಾರ ದಾಟಿ ಸುಣ್ಣದಕೇರಿಗೆ ತಾನೇ ನಡೆದುಹೋಗಿ ಶಿವನಂಜಮ್ಮನನ್ನು ಕರೆದುಕೊಂಡು ಬಂದಳು. ನಡುಮನೆಯಲ್ಲಿ ತುಂಬಿದ್ದ ಹೆಂಗಸರೆಲ್ಲ ಬಾಗಿಲ ಕಡೆ ತಿರುಗಿದರು. ದಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡು ಏಳಲು ಹೊರಟರು.

ಅಮ್ಮ ನನ್ನ ಕೈಯನ್ನು ತಾನೇ ಹಿಡಿದು ಮುಂದೆ ಚಾಚಿದಳು. "ಬಳೆ ಆಮೇಲೆ ಶಿವನಂಜಮ್ಮ. ಮೊದಲು ನನ್ನ ಮಗಳ ಕೈ ಒತ್ತಿ ನೋಡು. ಅವತ್ತು ನೀನು ಜಗಲಿಯಿಂದ ಎದ್ದು ಹೋಗಿದ್ದರೆ ನನ್ನ ಸೊಸೆ ಇವತ್ತು ಇರ್ತಿರಲಿಲ್ಲ. ಇದನ್ನ ಅವತ್ತೇ ಹೇಳಬೇಕಿತ್ತು."

ಶಿವನಂಜಮ್ಮ ಕಣ್ಣೊರೆಸಿಕೊಂಡು ನನ್ನ ಮುಂಗೈ ಒತ್ತಿದಳು. ಬೆರಳು ತೆಗೆದ ಕೂಡಲೇ ಚರ್ಮ ಸಮವಾಯಿತು. ಎರಡೂಕಾಲೇ ಅದೆ ಎಂದು ನಕ್ಕು ಹಸಿರು ಬಳೆಯ ಗೊಂಚಲು ಬಿಚ್ಚಿದಳು.

ನನ್ನ ಕೈ ತುಂಬುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ಕೂತರು. ತಿರುಗಿ ನೋಡಿದರೆ ದಾಕ್ಷಾಯಣಮ್ಮನವರ ಸೊಸೆ, ಆರು ತಿಂಗಳ ಬಸುರಿ. ಅತ್ತೆಯ ಮುಖವನ್ನು ಒಮ್ಮೆಯೂ ನೋಡದೆ ಅವಳು ಶಿವನಂಜಮ್ಮನ ಮುಂದೆ ಕೈ ಚಾಚಿದಳು.